ಶೇಂಗಾ, ಕಾಕಂಬಿ, ಹೊಂಗೆ: ಎಂಜಿನ್ ಮೇಷ್ಟ್ರುಗಳ ಚರಿತ್ರೆಯಲ್ಲಿ ನಮ್ಮ ಎಣ್ಣೆಗಳು

ಧ್ವನಿ ಸರಿಯಾಗಿ ಕೇಳ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಕನ್ನಡ ಎಂ.ಎ. ವಿದ್ಯಾರ್ಥಿ ಎಂಜಿನ್ ಬಗ್ಗೆ ಪ್ರಬಂಧ ಯಾಕೆ ಮಂಡಿಸ್ತಾನೆ ಅಂತ ಕೆಲವರಿಗೆ ಅನ್ನಿಸಿರಬಹುದು. ವಿಭಾಗದಲ್ಲೂ ಇದೇ ಪ್ರಶ್ನೆ ಬಂತು. ನನ್ನ ಉತ್ತರ ಇಷ್ಟು: ಆಧುನಿಕತೆಯ ಚರಿತ್ರೆ ಅಂತ ನಾವು ಬರೆಯುವಾಗ ಮುದ್ರಣ ಬರುತ್ತೆ, ಶಾಲೆ ಬರುತ್ತೆ, ರೈಲು ಬರುತ್ತೆ, ಅಣೆಕಟ್ಟು ಬರುತ್ತೆ. ಹೊಲದ ಬಾವಿಯ ಮೇಲೆ ಕೂತು ಡಬ ಡಬ ಅನ್ನುತ್ತಿದ್ದ ಎಂಜಿನ್ ಬರಲ್ಲ. ಆ ಎಂಜಿನ್ ಬಗ್ಗೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ತಲೆ ಕೆಡಿಸಿಕೊಂಡ ಮೇಷ್ಟ್ರುಗಳಂತೂ ಬರುವುದೇ ಇಲ್ಲ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ರೇಸ್ ಗಾಡಿಯ ಎಂಜಿನ್, ಗೇರ್‌ಬಾಕ್ಸ್ ಮೇಲೆ ಕೆಲಸ ಮಾಡಿದ ಪ್ರಾಧ್ಯಾಪಕರ ಹೆಸರು ಅಲ್ಲಿನ ವಾಹನಪ್ರಿಯರ ಬಾಯಲ್ಲಿ ಇರುತ್ತೆ. ನಮ್ಮಲ್ಲಿ ಅಂಥವರು ಇರಲಿಲ್ಲವೇ? ಇದ್ದರು. ಅವರು ಏನು ಮಾಡಿದರು, ಅದು ಎಲ್ಲಿಗೆ ಮುಟ್ಟಿತು, ಎಲ್ಲಿ ನಿಂತಿತು ಅನ್ನೋದು ಈ ಪ್ರಬಂಧದ ವಿಷಯ.

ನಾನು ಡಿ. ಹಿರೇಹಾಳಿನವನು. ಅನಂತಪುರ ಜಿಲ್ಲೆ, ರಾಯದುರ್ಗದ ಸೀಮೆ. ನಮಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಸೇರಿದಂತೆ ಉಳಿದದ್ದು ಮೈಸೂರಿಗೆ ಬಂತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹೊಲದಲ್ಲಿ ಎರಡೂ. ಇದನ್ನು ಹೇಳುವುದಕ್ಕೆ ಕಾರಣ ಇದೆ. ಮುಂದೆ ಬರುವ ಕತೆಯಲ್ಲಿ ಒಂದು ರಾಜ್ಯದ ಪ್ರಯೋಗಾಲಯ, ಇನ್ನೊಂದು ರಾಜ್ಯದ ಹಳ್ಳಿ, ಮತ್ತು ಎರಡೂ ಕಡೆಯ ಸರ್ಕಾರಗಳ ಕರೆಂಟ್ ನೀತಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಗಡಿಯ ಊರಿಂದ ನೋಡಿದರೆ ಅದು ಸ್ವಲ್ಪ ಬೇರೆ ಥರ ಕಾಣುತ್ತೆ.

ಮೊದಲು ಪದದಿಂದ ಶುರು ಮಾಡೋಣ, ನಮ್ಮ ಕಸುಬು ಅದೇ ಅಲ್ಲವೇ. 'ಎಣ್ಣೆ' ಅನ್ನೋದು ಎಳ್ ಮತ್ತು ನೆಯ್ ಸೇರಿ ಆದ ಪದ. ಅಂದರೆ ಎಳ್ಳಿನ ನೆಯ್, ಎಳ್ಳಿನ ಜಿಡ್ಡು. ಒಂದು ಕಾಳಿನ ಹೆಸರು ಇಡೀ ವರ್ಗಕ್ಕೆ ಹೆಸರಾಯಿತು. ಆಮೇಲೆ ಸೀಮೆಎಣ್ಣೆ ಬಂತು: ಹೊರದೇಶದ ಎಣ್ಣೆ. ಅದರ ಹಿಂದೆಯೇ ಡೀಸೆಲ್ ಬಂತು. ಅದಕ್ಕೆ ಕನ್ನಡದಲ್ಲಿ ಹೆಸರು ಹುಟ್ಟಲಿಲ್ಲ, ಹುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಆದರೆ ನಮ್ಮ ಕಡೆ ಪಂಪ್‌ಸೆಟ್ ನೋಡಿಕೊಳ್ಳುವವರು ಇವತ್ತಿಗೂ ಕೇಳೋದು "ಎಣ್ಣಿ ಐತೇನು?" ಅಂತಲೇ. ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯನ ಎಂಜಿನ್ನಿಗೂ ನಮ್ಮ ಹೊಲಕ್ಕೂ ಇರುವ ನಂಟು ಅಲ್ಲಿಂದಲೇ ಆರಂಭ.

1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಓಟ್ಟೊ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಅದಕ್ಕೆ ಹಾಕಿದ್ದು ಶೇಂಗಾ ಎಣ್ಣೆ. ಫ್ರೆಂಚ್ ಸರ್ಕಾರ ಹಾಗೆ ಕೇಳಿಕೊಂಡಿತ್ತು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಶೇಂಗಾ ಬೇಕಾದಷ್ಟು ಬೆಳೆಯುತ್ತೆ, ಕಲ್ಲಿದ್ದಲು ಸಾಗಿಸುವ ಖರ್ಚಿಲ್ಲದೆ ಅಲ್ಲಿಯೇ ಎಂಜಿನ್ ಓಡಿಸಬಹುದಾ ಅಂತ ಅವರ ಲೆಕ್ಕ. ರುಡಾಲ್ಫ್ ಡೀಸೆಲ್ ತಾನೇ ಈ ಪ್ರಸಂಗವನ್ನು 1912ರಲ್ಲಿ ನೆನಪಿಸಿಕೊಂಡು, ಗಿಡದ ಎಣ್ಣೆಗೆ ಮುಂದೊಂದು ದಿನ ಬೆಲೆ ಬರಬಹುದು ಅನ್ನುವ ಅರ್ಥದಲ್ಲಿ ಬರೆದ. ಮರುವರ್ಷ, 1913ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಾಣೆಯಾದ. ನಮ್ಮ ಅನಂತಪುರ ಜಿಲ್ಲೆ ಶೇಂಗಾಕ್ಕೆ ದೇಶದಲ್ಲೇ ಹೆಸರಾದದ್ದು. ಶೇಂಗಾ ಸೀಮೆಯ ಬಾವಿಗಳ ಮೇಲೆ ಡೀಸೆಲ್ ಎಂಜಿನ್ ಬಂದು ಕೂತಾಗ ಅದು ಹೊರದೇಶದ ಎಣ್ಣೆಗೆ ಬಾಯಿ ತೆರೆದು ಬಂತು. ಶೇಂಗಾ ಮಾತ್ರ ಗಾಣಕ್ಕೆ, ಮಿಲ್ಲಿಗೆ, ಅಡುಗೆಮನೆಗೆ ಹೋಯಿತು. ಇದು ಸರಿಯೇ ಇತ್ತು ಅಂತ ನನ್ನ ಅಭಿಪ್ರಾಯ. ತಿನ್ನುವ ಎಣ್ಣೆಯನ್ನು ಸುಡೋದು ಬರಗಾಲದ ಸೀಮೆಯವರಿಗೆ ಹೇಳುವ ಮಾತಲ್ಲ. ಆದರೆ ತಿನ್ನಲಾಗದ ಎಣ್ಣೆಗಳೂ ನಮ್ಮಲ್ಲಿ ಇದ್ದವು, ಅವುಗಳ ಕಡೆ ಬರುತ್ತೇನೆ.

ಈಗ ಬೆಂಗಳೂರು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್, ಅಮೆರಿಕಾ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು, ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸರ್ಕಾರವೂ ಕೈ ಜೋಡಿಸಲು ತಯಾರಿತ್ತು. ಭಾರತ ಸರ್ಕಾರ ಒಪ್ಪಲಿಲ್ಲ. ಕಾರಿನ ಬದಲು 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂತು, ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಅನ್ನುವ ಹೆಸರಲ್ಲಿ ಮುಂಬಯಿ ಕಡೆ ಹೋಯಿತು. ಇದು ತಿಳಿದ ಕತೆ, ಬೇಗ ದಾಟುತ್ತೇನೆ. ಇದರಲ್ಲಿ ನನಗೆ ಮುಖ್ಯವಾದದ್ದು ಬೇರೆ: ಕಾರ್ಖಾನೆ ಬರಲಿ ಬಿಡಲಿ, ಎಂಜಿನ್ ಗೊತ್ತಿರುವವರು ಬೇಕು ಅನ್ನುವ ತಿಳಿವಳಿಕೆ ಆ ದಶಕದಲ್ಲಿ ಬಂತು. ಜೆ.ಸಿ. ಘೋಷ್ ನಿರ್ದೇಶಕರಾಗಿದ್ದ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುತ್ತಿದ್ದ ಜಾಗದಲ್ಲಿ, ಏರೋನಾಟಿಕಲ್ ವಿಭಾಗವೂ ಅಂತರ್ದಹನ ಎಂಜಿನ್ ವಿಭಾಗವೂ ಶುರುವಾದವು.

'ಅಂತರ್ದಹನ' ಅಂದರೆ ಒಳಗೇ ಉರಿಯೋದು. ರೈಲಿನ ಉಗಿ ಎಂಜಿನ್ನಲ್ಲಿ ಬೆಂಕಿ ಹೊರಗೆ, ಒಲೆಯಲ್ಲಿ. ಇಲ್ಲಿ ಬೆಂಕಿ ಸಿಲಿಂಡರಿನ ಒಳಗೇ. ಪೆಟ್ರೋಲ್ ಎಂಜಿನ್ನಲ್ಲಿ ಕಿಡಿ ಕೊಟ್ಟು ಹೊತ್ತಿಸುತ್ತಾರೆ. ಡೀಸೆಲ್‌ಗೆ ಕಿಡಿ ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಾಲು ಕಿರಿದಾಗುವಂತೆ ಒತ್ತಿದರೆ ಅದು ಎಷ್ಟು ಕಾಯುತ್ತೆ ಅಂದರೆ, ಎಣ್ಣೆ ಚಿಮುಕಿಸಿದ ಕೂಡಲೇ ತಾನೇ ಹೊತ್ತಿಕೊಳ್ಳುತ್ತೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ತುದಿ ಬಿಸಿಯಾಗೋದು ಗೊತ್ತು, ಅದೇ ತತ್ವ. ಅಲ್ಲಿಂದ ಮುಂದೆ ಕ್ಲಚ್, ಗೇರ್‌ಬಾಕ್ಸ್, ಕ್ರೌನ್, ಆಕ್ಸಲ್, ಚಕ್ರ. ಈ ಇಡೀ ಸರಪಳಿಗೆ ಪವರ್‌ಟ್ರೇನ್ ಅನ್ನುತ್ತಾರೆ. ಅದರ ಮೇಷ್ಟ್ರುಗಳು ಕೇಳುವ ಪ್ರಶ್ನೆ ರೇಸ್ ಗಾಡಿಗಾದರೂ ಪಂಪ್‌ಸೆಟ್ಟಿಗಾದರೂ ಒಂದೇ ಜಾತಿಯದು. ಎಂಜಿನ್ನಿಗೆ ಏನು ಕುಡಿಸಬೇಕು? ಎಷ್ಟು ಗಾಳಿ ಸೇದುತ್ತೆ? ಹುಟ್ಟಿದ ಬಿಸಿಯಲ್ಲಿ ಎಷ್ಟು ಕೆಲಸವಾಗುತ್ತೆ, ಎಷ್ಟು ಹೊಗೆಯಾಗಿ ಹೋಗುತ್ತೆ?

ಯುದ್ಧದ ಕಾಲದಲ್ಲಿ ಈ ಮೊದಲ ಪ್ರಶ್ನೆಯನ್ನು ಕೇಳಿದ್ದು ಮೇಷ್ಟ್ರುಗಳಲ್ಲ, ಬಸ್ಸಿನ ಮಾಲೀಕರು. ಪೆಟ್ರೋಲಿಗೆ ರೇಷನ್ ಬಂದಾಗ ದೇಶದ ಎಲ್ಲ ಕಡೆ ಬಸ್ಸಿನ ಹಿಂದೆ ಇದ್ದಿಲಿನ ಉರುಳೆ ಕಟ್ಟಿದರು. ಇದ್ದಿಲನ್ನು ಅರೆಬರೆ ಗಾಳಿಯಲ್ಲಿ ಉರಿಸಿದರೆ ಉರಿಯುವ ಗ್ಯಾಸ್ ಬರುತ್ತೆ. ಅದರಲ್ಲಿ ಅರ್ಧಕ್ಕರ್ಧ ಏನಕ್ಕೂ ಬಾರದ ನೈಟ್ರೋಜನ್, ಹಾಗಾಗಿ ಎಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲು, ಕೆಲವು ಸಲ ಅದಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತು. ದಿಬ್ಬ ಬಂದರೆ ಜನ ಇಳಿದು ತಳ್ಳುತ್ತಿದ್ದರು ಅಂತ ನಮ್ಮ ತಾತ ಹೇಳುತ್ತಿದ್ದರು. ಅವರ ಪ್ರಕಾರ ಗ್ಯಾಸ್ ಬಸ್ಸಿನ ಟಿಕೆಟ್ ಅಂದರೆ ಅರ್ಧ ದಾರಿಗೆ ಕೂರುವ ಹಕ್ಕು, ಇನ್ನರ್ಧಕ್ಕೆ ತಳ್ಳುವ ಹಕ್ಕು.

1950ರ ದಶಕದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಆ ವಿಭಾಗದಲ್ಲಿ ಎಚ್.ಎ. ಹ್ಯಾವ್‌ಮನ್ ಅನ್ನುವ ಜರ್ಮನ್ ಪ್ರಾಧ್ಯಾಪಕರಿದ್ದರು. ಅವರ ಜೊತೆ ಎಂ.ಆರ್.ಕೆ. ರಾವ್, ಎ. ನಟರಾಜನ್, ಟಿ.ಎಲ್. ನರಸಿಂಹನ್ ಕೆಲಸ ಮಾಡಿದರು. ಇವರು ಹಿಡಿದ ಸಮಸ್ಯೆ: ಡೀಸೆಲ್ ಎಂಜಿನ್ನನ್ನು ಆಲ್ಕೊಹಾಲ್ ಮೇಲೆ ಓಡಿಸಬಹುದೇ? 1954ರಲ್ಲಿ 'ಆಟೊಮೊಬೈಲ್ ಎಂಜಿನಿಯರ್' ಅನ್ನುವ ಬ್ರಿಟಿಷ್ ಪತ್ರಿಕೆಯಲ್ಲಿ, ಮರುವರ್ಷ 'ಗ್ಯಾಸ್ ಅಂಡ್ ಆಯಿಲ್ ಪವರ್' ಅನ್ನುವ ಇನ್ನೊಂದರಲ್ಲಿ ಇವರ ಲೇಖನಗಳು ಬಂದವು. ಇದು ಬೆಂಗಳೂರಿನಲ್ಲಿ ಹುಟ್ಟಬೇಕಾದ ಪ್ರಶ್ನೆಯೇ ಆಗಿತ್ತು. ನೂರು ಕಿಲೋಮೀಟರ್ ಆಚೆ ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಪವರ್ ಆಲ್ಕೊಹಾಲ್ ತೆಗೆಯುತ್ತಿದ್ದರು. ಪೆಟ್ರೋಲಿಗೆ ಅದನ್ನು ಬೆರೆಸಬೇಕು ಅನ್ನುವ ಕಾನೂನು, ಇಂಡಿಯನ್ ಪವರ್ ಆಲ್ಕೊಹಾಲ್ ಆಕ್ಟ್, 1948ರಲ್ಲೇ ಬಂದಿತ್ತು.

ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವುದು ಸುಲಭ, ಡೀಸೆಲ್ ಎಂಜಿನ್ನಿಗೆ ಹಾಕುವುದು ಕಷ್ಟ. ಕಾರಣ ತಮಾಷೆಯಾಗಿದೆ: ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಕಿಡಿ ಬರುವ ತನಕ ತಾನಾಗಿ ಹೊತ್ತದ ಇಂಧನ. ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಬಿಸಿ ತಾಗಿದ ಕೂಡಲೇ ಹೊತ್ತುವ ಇಂಧನ. ಒಂದರ ಗುಣ ಇನ್ನೊಂದರ ದೋಷ. ಆಲ್ಕೊಹಾಲ್ ಮೊದಲನೆಯ ಜಾತಿ, ಡೀಸೆಲ್ ಎಂಜಿನ್ನಿನ ಒಳಗೆ ಹಟ ಹಿಡಿದು ಕೂರುತ್ತೆ. ಇದಕ್ಕೆ ಬೆಂಗಳೂರಿನವರು ಹಿಡಿದ ದಾರಿ, ಆಲ್ಕೊಹಾಲನ್ನು ಎಂಜಿನ್ ಸೇದುವ ಗಾಳಿಯ ಜೊತೆಗೇ ಒಳಗೆ ಕಳಿಸಿ, ಮೇಲಿಂದ ಸ್ವಲ್ಪ ಡೀಸೆಲ್ ಚಿಮುಕಿಸುವುದು. ಡೀಸೆಲ್ ಹೊತ್ತಿಕೊಳ್ಳುತ್ತೆ, ಅದರ ಬೆಂಕಿ ಆಲ್ಕೊಹಾಲನ್ನೂ ಹೊತ್ತಿಸುತ್ತೆ. ಹಸಿ ಸೌದೆಯ ಕೆಳಗೆ ನಾಲ್ಕು ಒಣ ಕಡ್ಡಿ ಇಡುವ ಹಾಗೆ. ಈ ವಿಧಾನದ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಬರೆದರೂ ಹಳೆಯ ಕೆಲಸಗಳ ಸಾಲಿನಲ್ಲಿ ಹ್ಯಾವ್‌ಮನ್, ರಾವ್ ಅನ್ನುವ ಹೆಸರು ಇಂದಿಗೂ ಬರುತ್ತೆ.

ಇದೇ ಆಲ್ಕೊಹಾಲಿಗೆ ರೇಸಿನ ಲೋಕದಲ್ಲಿ ರಾಜಮರ್ಯಾದೆ ಸಿಕ್ಕಿತು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಎಥನಾಲ್ ಆಗಲಿ ಮೆಥನಾಲ್ ಆಗಲಿ ಆವಿಯಾಗುವಾಗ ಸುತ್ತಲ ಬಿಸಿಯನ್ನು ಪೆಟ್ರೋಲಿಗಿಂತ ಬಹಳ ಹೆಚ್ಚು ಹೀರುತ್ತೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗೋದು ಇದಕ್ಕೇ. ಎಂಜಿನ್ ಸೇದುವ ಗಾಳಿ ತಣ್ಣಗಾದರೆ ಅಷ್ಟೇ ಜಾಗದಲ್ಲಿ ಹೆಚ್ಚು ಗಾಳಿ ಹಿಡಿಯುತ್ತೆ, ಹೆಚ್ಚು ಒತ್ತಬಹುದು, ಹೆಚ್ಚು ಶಕ್ತಿ. 1964ರಲ್ಲಿ ಅಮೆರಿಕಾದ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಪೆಟ್ರೋಲ್ ಹೊತ್ತಿಕೊಂಡು ಎಡ್ಡಿ ಸ್ಯಾಕ್ಸ್, ಡೇವ್ ಮ್ಯಾಕ್‌ಡೊನಾಲ್ಡ್ ಎಂಬ ಇಬ್ಬರು ಸವಾರರು ತೀರಿಕೊಂಡರು. ಮರುವರ್ಷದಿಂದ ಅಲ್ಲಿ ಮೆಥನಾಲ್ ರೂಢಿಗೆ ಬಂತು. ಅದರ ಬೆಂಕಿಯನ್ನು ನೀರು ಹಾಕಿ ಆರಿಸಬಹುದು. ಅದರಲ್ಲೂ ಒಂದು ಪೀಡೆ ಇದೆ, ಹಗಲಲ್ಲಿ ಆ ಜ್ವಾಲೆ ಕಣ್ಣಿಗೇ ಕಾಣಲ್ಲ. 2007ರಿಂದ ಅಲ್ಲಿ ಎಥನಾಲ್.

ರೇಸಿನ ಮಾತು ಬಂದಾಗ ಇನ್ನೆರಡು ವಿಷಯ, ಎರಡೂ ನಮ್ಮ ಹೊಲಕ್ಕೆ ಹತ್ತಿರದವು. ಒಂದು ಹರಳೆಣ್ಣೆ. ನಮ್ಮ ಕಡೆ ಔಡಲ ಅನ್ನೋ ಗಿಡ, ಹೊಲದ ಬದುವಿನಲ್ಲಿ ಬೆಳೆಯೋದು. ಈ ಎಣ್ಣೆ ಎಷ್ಟು ಬಿಸಿಗೂ ಲೋಹದ ಮೈಯನ್ನು ಬಿಡಲ್ಲ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗಲ್ಲ. ಮೊದಲ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನ್ನುಗಳಿಗೆ ಇದನ್ನೇ ಹಾಕಿದರು, ಆಮೇಲೆ ರೇಸ್ ಗಾಡಿಗಳಿಗೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಕ್ಯಾಸ್ಟರ್ ಅನ್ನುವ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ನಮ್ಮಲ್ಲಿ ಮಕ್ಕಳಿಗೆ ಭೇದಿಗೆ ಕೊಡುವ ಎಣ್ಣೆಯ ವಾಸನೆ ಯೂರೋಪಿನ ಹಳೆಯ ತಲೆಮಾರಿಗೆ ರೇಸ್ ಟ್ರ್ಯಾಕಿನ ವಾಸನೆ. ಎರಡನೆಯದು ಧೂಳು. 1952ರ ಇಂಡಿಯಾನಾಪೊಲಿಸ್ ರೇಸಿಗೆ ಕಮ್ಮಿನ್ಸ್ ಕಂಪನಿ ಟರ್ಬೊ ಹಾಕಿದ ಡೀಸೆಲ್ ಗಾಡಿ ತಂದಿತ್ತು. ಫ್ರೆಡ್ ಅಗಬಾಷಿಯನ್ ಅದನ್ನು ಓಡಿಸಿ ಎಲ್ಲರಿಗಿಂತ ಮುಂದಿನ ಜಾಗ ಗಿಟ್ಟಿಸಿದ. ರೇಸಿನಲ್ಲಿ ಮಾತ್ರ ಟೈರಿನಿಂದ ಎದ್ದ ರಬ್ಬರಿನ ಪುಡಿ ಟರ್ಬೊದ ಬಾಯಿ ಮುಚ್ಚಿ ಗಾಡಿ ನಿಂತೇ ಹೋಯಿತು. ಅದಿರು ಲಾರಿ ಓಡಿಸಿದವರಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ. ಓಬಳಾಪುರಂ ಇರೋದು ನಮ್ಮ ಮಂಡಲದಲ್ಲೇ. ಗಣಿ ಜೋರಾಗಿದ್ದ ಕಾಲದಲ್ಲಿ ನಮ್ಮೂರ ದಾರಿಯ ಕೆಂಧೂಳಿಗೆ ಲಾರಿಯ ಏರ್ ಫಿಲ್ಟರ್ ಬಡಿದು ಬಡಿದು ಕ್ಲೀನರ್ ಹುಡುಗರ ಕೈ ಕೆಂಪಾಗಿರುತ್ತಿತ್ತು.

ಮತ್ತೆ ಬೆಂಗಳೂರಿಗೆ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 'ಅಸ್ತ್ರ' ಅನ್ನುವ ಗುಂಪು ಕಟ್ಟಿದರು, ಹಳ್ಳಿಗೆ ತಕ್ಕ ತಂತ್ರಜ್ಞಾನ ಅಂತ. ಎಚ್.ಎಸ್. ಮುಕುಂದ ಅವರು ರಾಕೆಟ್ಟಿನ ದಹನ ಓದಿಸುತ್ತಿದ್ದ ವಿಭಾಗದಲ್ಲಿ ಇದ್ದುಕೊಂಡು ಸೌದೆಯಿಂದ ಗ್ಯಾಸ್ ಮಾಡುವ ಯಂತ್ರ ರೂಪಿಸಿದರು. ಯುದ್ಧಕಾಲದ ಬಸ್ಸಿನ ಹಿಂದಿದ್ದ ಅದೇ ಉರುಳೆ, ಆದರೆ ಈ ಸಲ ಒಳಗೆ ಏನು ನಡೆಯುತ್ತೆ ಅಂತ ಅಳೆದು ಮಾಡಿದ್ದು. 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇಂಥ ಗ್ಯಾಸ್ ಮತ್ತು ಸ್ವಲ್ಪ ಡೀಸೆಲ್ ಕುಡಿಯುವ ಸಣ್ಣ ಎಂಜಿನ್ ಕೂರಿಸಿ ಮನೆಗಳಿಗೆ ದೀಪ ಕೊಟ್ಟರು. ಆಮೇಲೆ ಕುಡಿಯುವ ನೀರು, ಹಿಟ್ಟಿನ ಗಿರಣಿ. ಗಮನಿಸಿ, ಹ್ಯಾವ್‌ಮನ್ ಗುಂಪಿನ ಉಪಾಯವೇ ಇಲ್ಲೂ ಕೆಲಸ ಮಾಡಿದ್ದು: ಗಾಳಿಯ ಜೊತೆ ಒಂದು ಇಂಧನ, ಹೊತ್ತಿಸೋದಕ್ಕೆ ನಾಲ್ಕು ಹನಿ ಡೀಸೆಲ್. ಒಂದು ಆಲೋಚನೆ ಒಂದು ಆವರಣದೊಳಗೆ ಮೂರು ದಶಕ ಬೇರೆ ಬೇರೆ ರೂಪದಲ್ಲಿ ಬದುಕಿತ್ತು.

ನನ್ನ ಪ್ರಬಂಧದ ಮುಖ್ಯ ಭಾಗ ಹೊಂಗೆ. ತೆಲುಗಿನಲ್ಲಿ ಕಾನುಗ. ನಮ್ಮ ಸೀಮೆಯಲ್ಲಿ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಅಷ್ಟರಲ್ಲೇ ಹಸಿರಾಗಿ ನಿಲ್ಲುವ ಮರ ಹೊಂಗೆ. ಯುಗಾದಿಯ ಹೊತ್ತಿಗೆ ಬೇರೆಲ್ಲ ಮರ ಬೋಳಾಗಿದ್ದರೂ ಅದರ ಚಿಗುರು ಮಿಂಚುತ್ತಿರುತ್ತೆ, ದನ ಬಾಯಿ ಹಾಕಲ್ಲ, ನೆರಳು ತಂಪು. ಬೀಜದ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆ. ಕಹಿ, ತಿನ್ನಲಾಗಲ್ಲ. ಸೀಮೆಎಣ್ಣೆ ಬರುವ ಮುಂಚೆ ದೀಪಕ್ಕೆ, ಚರ್ಮದ ಕಾಯಿಲೆಗೆ ಉಪಯೋಗ. ಸೀಮೆಎಣ್ಣೆ ಬಂದ ಮೇಲೆ ಹೊಂಗೆ ಎಣ್ಣೆ ಬಡವರ ಎಣ್ಣೆ, ಆಮೇಲೆ ಯಾರದೂ ಅಲ್ಲದ ಎಣ್ಣೆ.

ಉಡುಪಿ ಶ್ರೀನಿವಾಸ ಅವರು ಟಾಟಾ ಇನ್‌ಸ್ಟಿಟ್ಯೂಟಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರಾಗಿದ್ದರು. 1990ರ ದಶಕದ ಕೊನೆಗೆ ಅವರು, ಅವರ 'ಸೂತ್ರ' ಯೋಜನೆಯವರು, ಆಗಿನ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಬೋರ್‌ವೆಲ್ ನೀರೆತ್ತಲು ಜನರೇಟರ್ ಹಾಕಿದ್ದರು. ಡೀಸೆಲಿನ ಖರ್ಚು ತಾಳದೆ ಅದಕ್ಕೆ ಹೊಂಗೆ ಎಣ್ಣೆ ಹಾಕಿದರು. ಪಾಠಪುಸ್ತಕದ ಪ್ರಕಾರ ಇದು ತಪ್ಪು. ಗಾಣದ ಎಣ್ಣೆ ಡೀಸೆಲಿಗಿಂತ ಹತ್ತು ಪಾಲು ಮಂದ. ನಾಜಲ್ಲಿನಿಂದ ಮಂಜಿನಂತೆ ಬರಬೇಕಾದದ್ದು ದಾರದಂತೆ ಬರುತ್ತೆ, ಅರೆಬೆಂದು ಕರಿ ಕಟ್ಟುತ್ತೆ, ಪಿಸ್ಟನ್ ರಿಂಗು ಅಂಟಿಕೊಳ್ಳುತ್ತೆ. ಇದಕ್ಕೆ ಮದ್ದಿದೆ: ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡ ಹಾಕಿ ಗ್ಲಿಸರಿನ್ ಬೇರೆ ಮಾಡಿದರೆ ತೆಳುವಾದ ಬಯೋಡೀಸೆಲ್ ಸಿಗುತ್ತೆ. ಆದರೆ ಅದಕ್ಕೆ ಘಟಕ ಬೇಕು, ರಾಸಾಯನಿಕ ಬೇಕು, ಮತ್ತೆ ಪೇಟೆಯ ಮೇಲೆ ಅವಲಂಬನೆ. ಶ್ರೀನಿವಾಸರ ವಾದ, ಒಂದೇ ವೇಗದಲ್ಲಿ ಓಡುವ ಜನರೇಟರಿಗೆ ಸೋಸಿದ ಎಣ್ಣೆಯೇ ಸಾಕು, ಹಳ್ಳಿಯ ಗಾಣ ಸಾಕು. ನನಗೆ ಇದು ಎಂಜಿನಿಯರಿಂಗ್ ವಾದವಷ್ಟೇ ಅಲ್ಲ, ರಾಜಕೀಯ ವಾದ ಅಂತ ಅನ್ನಿಸುತ್ತೆ. ಎಂಜಿನ್ನಿಗೆ ತಕ್ಕ ಹಾಗೆ ಊರು ಬದಲಾಗಬೇಕೋ, ಊರಿಗೆ ತಕ್ಕ ಹಾಗೆ ಎಂಜಿನ್ನೋ?

ಆಗಿನ ಆಂಧ್ರದ ಆದಿಲಾಬಾದ್ ಜಿಲ್ಲೆಗೂ ಇದು ಹೋಯಿತು. ಚಲ್ಪಡಿಯಲ್ಲಿ ಹೊಂಗೆ ಎಣ್ಣೆಯ ಜನರೇಟರ್ ಬಂತು. ಪವರ್‌ಗೂಡ ಅನ್ನುವ ಊರಿನ ಆದಿವಾಸಿ ಹೆಂಗಸರ ಸಂಘದವರು ಹೊಂಗೆ ಎಣ್ಣೆಯಿಂದ ಉಳಿಯುವ 147 ಟನ್ ಇಂಗಾಲದ ಹೊಗೆಯ ಲೆಕ್ಕವನ್ನು 2003ರಲ್ಲಿ ವಿಶ್ವಬ್ಯಾಂಕಿಗೆ ಮಾರಿ 645 ಡಾಲರ್ ಪಡೆದರು. ದೊಡ್ಡ ಮೊತ್ತ ಅಲ್ಲ. ಆದರೂ ಯಾರದೂ ಅಲ್ಲದ ಎಣ್ಣೆಗೆ ಲೆಕ್ಕದ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಮುಂದೆ ಏನಾಯಿತು? 2004ರ ಮೇ ತಿಂಗಳಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರು ಮುಖ್ಯಮಂತ್ರಿಯಾದ ದಿನವೇ ರೈತರ ಪಂಪ್‌ಸೆಟ್ಟಿಗೆ ಉಚಿತ ಕರೆಂಟಿನ ಕಡತಕ್ಕೆ ಸಹಿ ಹಾಕಿದರು. ಕರ್ನಾಟಕದಲ್ಲಿ 2008ರಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಉಚಿತ ಆಯಿತು. ಬೆಲೆಯೇ ಇಲ್ಲದ ಕರೆಂಟಿನ ಮುಂದೆ ಯಾವ ಎಣ್ಣೆ ನಿಲ್ಲುತ್ತೆ? ಹೊಂಗೆ ಬೀಜ ಆರಿಸುವ ಕೂಲಿಯೂ ಏರುತ್ತಿತ್ತು. ಬೀಜ ತಾನಾಗಿ ಗಾಣಕ್ಕೆ ನಡೆದು ಬರಲ್ಲ, ಬಗ್ಗಿ ಆರಿಸಬೇಕು, ಆ ಕೆಲಸ ಹೆಂಗಸರು ಮಕ್ಕಳದೇ ಆಗಿರುತ್ತಿತ್ತು. ಹಾಗಾಗಿ ಉಚಿತ ಕರೆಂಟು ಬಂದದ್ದು ಕೆಟ್ಟದ್ದಾಯಿತು ಅಂತ ನಾನು ಹೇಳಲಾರೆ. ನಮ್ಮ ಮನೆಯವರೂ ಆ ಕರೆಂಟಿನಲ್ಲೇ ನೀರು ಹಾಯಿಸಿದವರು. ಆದರೆ ಚರಿತ್ರೆ ಬರೆಯುವಾಗ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಈ ಎಂಜಿನ್ ಸೋತದ್ದು ಪ್ರಯೋಗಾಲಯದಲ್ಲಿ ಅಲ್ಲ, ರಿಂಗು ಅಂಟಿಕೊಂಡೂ ಅಲ್ಲ. ಒಂದು ಸಹಿಯ ಮುಂದೆ, ಕೂಲಿಯ ಲೆಕ್ಕದ ಮುಂದೆ ಸೋತಿತು. "ಹೊಂಗೆ ಎಣ್ಣೆ ಪ್ರಯೋಗ ವಿಫಲವಾಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸುವವರು ಇದನ್ನು ಮರೆಸಿಬಿಡುತ್ತಾರೆ. ಆಮೇಲೆ ಎಲ್ಲರೂ ಕರೆಂಟಿನಲ್ಲಿ ಎತ್ತಿದ ನೀರು ಎಷ್ಟು ಆಳಕ್ಕೆ ಇಳಿಯಿತು ಅನ್ನೋದು ರಾಯದುರ್ಗ ಸೀಮೆಯ ಬೋರ್‌ವೆಲ್ ಕೊರೆಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ರೇಸಿನ ಎಂಜಿನ್ ಮೇಲಿನ ಅಧ್ಯಯನ ಕರ್ನಾಟಕದ ಕಾಲೇಜುಗಳಿಗೆ ನೇರವಾಗಿ ಬಂದದ್ದು ಈ ಶತಮಾನದಲ್ಲಿ, ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳ ಮೂಲಕ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಶುರುವಾಯಿತು. ವಿದ್ಯಾರ್ಥಿಗಳೇ ಒಂದು ಸಣ್ಣ ರೇಸ್ ಗಾಡಿ ಕಟ್ಟಬೇಕು, ಸಾಮಾನ್ಯವಾಗಿ ಮೋಟಾರ್‌ಸೈಕಲ್ ಎಂಜಿನ್ ಹಾಕಿ. ನಿಯಮದಲ್ಲಿ ಒಂದು ಸೊಗಸಾದ ತೊಡಕಿದೆ: ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಿಂಡಿಯಿಂದ ಹೋಗಬೇಕು. ಶೇಕಡಾ 85 ಎಥನಾಲ್ ಬಳಸಿದರೆ 19. ಆ ಕಿಂಡಿಯಲ್ಲಿ ಗಾಳಿಯ ವೇಗ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಹೆಚ್ಚು ಗಾಳಿ ಬರಲ್ಲ. ಅಂದರೆ ಉಸಿರು ಇಷ್ಟೇ ಅಂತ ನಿಗದಿ. ಆ ಉಸಿರಲ್ಲಿ ಎಷ್ಟು ಕೆಲಸ ತೆಗೆಯುತ್ತೀರಿ ಅನ್ನೋದೇ ಪರೀಕ್ಷೆ. ಬರ ಸೀಮೆಯವನಿಗೆ ಈ ನಿಯಮ ತುಂಬ ಪರಿಚಿತ ಅನ್ನಿಸಿತು, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕೊನೆಗೆ ಭಾಷೆಯ ಪ್ರಶ್ನೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಕುವೆಂಪು ಸೈಕಲ್ಲನ್ನು 'ಬೀಸೆಕಲ್ಲು' ಮಾಡಿದರು. ಬೈಸಿಕಲ್ ಅನ್ನುವ ಪದ ಹಳ್ಳಿಯ ಕಿವಿಗೆ ಬಿದ್ದು ರಾಗಿ ಬೀಸುವ ಕಲ್ಲಾಯಿತು, ಅದರಲ್ಲಿ ಒಂದು ಕಾಲದ ಬೆರಗೇ ಇದೆ. ಎಂಜಿನ್ನಿಗೆ ಅಂಥ ಭಾಗ್ಯ ಬರಲಿಲ್ಲ. ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದಿಂದ 'ಬಾಲವಿಜ್ಞಾನ' ಪತ್ರಿಕೆಯ ತನಕ ಕನ್ನಡದಲ್ಲಿ ವಿಜ್ಞಾನ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಲ್ಲಿ 'ಅಂತರ್ದಹನ', 'ಸಂಪೀಡನ' ಅನ್ನುವ ಭಾಷೆ. ಬಾವಿಯ ಹತ್ತಿರ ಬೇರೆಯೇ ಭಾಷೆ: ಎಂಜಿನ್ ಕೆಮ್ಮತದ, ಹೊಗಿ ಕಕ್ಕತದ, ನಾಜಲ್ ಉಚ್ಚಿ ಹೊಯ್ತದ, ಏರ್ ಹಿಡದದ, ರಿಂಗ್ ಜಾಮ್ ಆಗ್ಯಾದ. ಈ ಎರಡೂ ಭಾಷೆ ಒಂದನ್ನೊಂದು ಭೇಟಿಯಾಗಲಿಲ್ಲ. ಮೇಷ್ಟ್ರುಗಳ ಲೇಖನ ಇಂಗ್ಲಿಷಿನಲ್ಲಿ, ಅದೂ ಕರ್ತೃವೇ ಇಲ್ಲದ ವಾಕ್ಯಗಳಲ್ಲಿ: ಎಂಜಿನ್ ಓಡಿಸಲಾಯಿತು, ಎಣ್ಣೆ ಅಳೆಯಲಾಯಿತು. ಓಡಿಸಿದ್ದು ಯಾರು? ಕಗ್ಗನಹಳ್ಳಿಯ, ಹೊಸಹಳ್ಳಿಯ ಎಂಜಿನ್ನುಗಳನ್ನು ದಿನಾ ನೋಡಿಕೊಂಡವರು ಆಯಾ ಊರಿನವರೇ. 'ನಾಜಲ್ ಉಚ್ಚಿ ಹೊಯ್ತದ' ಅನ್ನೋದು ನಾನು ಮೇಲೆ ದಾರದಂತೆ ಬರುತ್ತೆ ಅಂದೆನಲ್ಲ, ಅದೇ ರೋಗದ ವರ್ಣನೆ, ನನ್ನದಕ್ಕಿಂತ ಚೆನ್ನಾಗಿದೆ. ಇಂಥ ಮಾತುಗಳನ್ನು ಜಾನಪದ ಪದಕೋಶಕ್ಕೆ ಸೇರಿಸಬೇಕು ಅನ್ನೋದು ನನ್ನ ಬೇಡಿಕೆ. ಕೃಷಿ, ಮೀನುಗಾರಿಕೆ, ಕಮ್ಮಾರಿಕೆ ಪದಗಳನ್ನು ಸಂಗ್ರಹಿಸಿದ ನಾವು ಮೆಕ್ಯಾನಿಕ್ಕಿನ ಪದವನ್ನು ಇಂಗ್ಲಿಷ್ ಅಂತ ಬಿಡುವುದು ನ್ಯಾಯವಲ್ಲ.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಇಲ್ಲೇ ಸೇರಿಸಿದ್ದೇನೆ. ಈಗಿನ ಎಥನಾಲ್ ಪೆಟ್ರೋಲಿಗೂ 1948ರ ಕಾನೂನಿಗೂ ಸಂಬಂಧ ಇದೆಯಾ ಅಂತ ಒಬ್ಬ ಮೇಡಂ ಕೇಳಿದರು. ಆ ಕಾನೂನು ರದ್ದಾಗಿದೆ, ಆಲೋಚನೆ ಮುಂದುವರಿದಿದೆ. ಶೇಕಡಾ 20 ಎಥನಾಲ್ ಇರುವ ಪೆಟ್ರೋಲನ್ನು ಬಿಡುಗಡೆ ಮಾಡಿದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಒಂದು ವ್ಯತ್ಯಾಸ ಇದೆ: ಈಗ ಕಾಕಂಬಿಯ ಜೊತೆ ಕಬ್ಬಿನ ಹಾಲು, ಅಕ್ಕಿ, ಜೋಳದಿಂದಲೂ ತೆಗೆಯುತ್ತಾರೆ. ತಿನ್ನುವುದನ್ನು ಸುಡಬೇಕಾ ಅನ್ನುವ ಪ್ಯಾರಿಸ್ಸಿನ ಶೇಂಗಾ ಪ್ರಶ್ನೆ ಅಲ್ಲಿಂದ ಇಲ್ಲಿಗೆ ಬಂದು ನಿಂತಿದೆ.

ಇನ್ನೊಬ್ಬ ಗೆಳೆಯ ಕೇಳಿದ್ದು, ಹೊಂಗೆ ಎಣ್ಣೆಯನ್ನು ಹಾಗೇ ರೇಸ್ ಗಾಡಿಗೆ ಹಾಕಿದರೆ ಏನಾಗುತ್ತೆ ಅಂತ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 650 ಸುತ್ತು ತಿರುಗುವ ಹಳೆಯ ಲಿಸ್ಟರ್ ಥರದ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸುಮಾರು 92 ಮಿಲಿಸೆಕೆಂಡ್. ಎಣ್ಣೆ ಉರಿಯೋದಕ್ಕೆ ಅದರಲ್ಲಿ ಹನ್ನೆರಡನೇ ಒಂದು ಪಾಲು ಸಿಕ್ಕಿದರೂ ಏಳೂವರೆ ಮಿಲಿಸೆಕೆಂಡಿಗಿಂತ ಹೆಚ್ಚಾಯಿತು. 12,000 ಸುತ್ತಿನ ರೇಸ್ ಎಂಜಿನ್ನಿನಲ್ಲಿ ಅದೇ ಪಾಲು ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ಮಂದವಾದ ಎಣ್ಣೆ ಅಷ್ಟರಲ್ಲಿ ಆವಿಯೂ ಆಗಿರಲ್ಲ. 2006ರಲ್ಲಿ ಆಡಿಯವರು ಲೆ ಮಾನ್ಸ್ ರೇಸನ್ನು ಮೊದಲ ಬಾರಿ ಡೀಸೆಲ್ ಗಾಡಿಯಲ್ಲಿ ಗೆದ್ದಾಗಲೂ ಹಾಕಿದ್ದು ಬಹಳ ಶುದ್ಧ ಮಾಡಿದ ಡೀಸೆಲನ್ನೇ. ಹೊಂಗೆ ಎಣ್ಣೆಗೆ ಬೇಕಾದದ್ದು ನಿಧಾನವಾದ, ಭಾರವಾದ ಗಾಲಿಯ, ಬಿಸಿ ಹಿಡಿದಿಟ್ಟುಕೊಳ್ಳುವ ಎಂಜಿನ್. ಅಂಥವು ನಮ್ಮ ಕಡೆಯ ಹಳೆಯ ಬಾವಿಗಳ ಹತ್ತಿರ ತುಕ್ಕು ಹಿಡಿದು ಇನ್ನೂ ಕೆಲವು ಕೂತಿವೆ. ಗುಜರಿಯವರು ತೂಕಕ್ಕೆ ಕೇಳುತ್ತಾರೆ.